ಒಂದು ದಿನ ತಡೆದ ಸಹಿ

ನಮ್ಮ ಬೈಂದೂರು, ಕುಂದಾಪುರ, ಬ್ರಹ್ಮಾವರ ಕಡೆ ಪಂಚಾಯ್ತಿ ಉಪಾಧ್ಯಕ್ಷರ ಪಾಡು ಗೊತ್ತಲ್ಲ? ಆಮಂತ್ರಣ ಪತ್ರಿಕೆಯಲ್ಲಿ ಹೆಸರುಂಟು, ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಅಧ್ಯಕ್ಷರು ಬಾರದ ದಿನ ಮಾತ್ರ, "ಹ್ವಾಯ್, ಇವತ್ತ್ ನೀವೇ ಕೂಕಣಿ."

ದೇಶದ ಉಪರಾಷ್ಟ್ರಪತಿ ಹುದ್ದೆಯೂ ಹೆಚ್ಚುಕಮ್ಮಿ ಹಾಗೇ. ಅದಕ್ಕೆಂದೇ ಸಂಬಳವೂ ಇಲ್ಲ. ಸಿಗುವುದು ರಾಜ್ಯಸಭೆಯ ಸಭಾಪತಿ ಎಂಬ ಲೆಕ್ಕದಲ್ಲಿ. ಆ ಹುದ್ದೆಗೇರಿದ ಕನ್ನಡಿಗರು ಒಬ್ಬರೇ, ಬಿ.ಡಿ. ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯವರು. 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, ಆಮೇಲೆ ಪುದುಚೇರಿ, ಒಡಿಶಾಗಳ ರಾಜಭವನ, 1974ರ ಆಗಸ್ಟಿನಲ್ಲಿ ಉಪರಾಷ್ಟ್ರಪತಿ. ಕ್ವಿಝ್‌ನಲ್ಲಿ ಕೇಳುವುದು ಇಷ್ಟೇ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ತುರ್ತುಪರಿಸ್ಥಿತಿಗೆ ರಾತ್ರೋರಾತ್ರಿ ಸಹಿ ಹಾಕಿದ್ದವರು ಅವರು. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನಲ್ಲಿ ಇಂದಿರಾ ಸೋತು, ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದೂ ಅವರೇ.

ಅಸಲಿ ಪೇಚಾಟ ಬಂದದ್ದು ಏಪ್ರಿಲ್ ಕೊನೆಗೆ. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಎಂದು ಜನತಾ ಸರ್ಕಾರ ಶಿಫಾರಸು ಕಳಿಸಿತು. ಲೋಕಸಭೆಯಲ್ಲಿ ಜನ ತಿರಸ್ಕರಿಸಿದ ಪಕ್ಷ ರಾಜ್ಯ ಆಳುವುದೆಂತಕ್ಕೆ ಎಂಬುದು ವಾದ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತಿದ್ದವು. ಆದರೂ ಜತ್ತಿ ತಕ್ಷಣ ಸಹಿ ಹಾಕಲಿಲ್ಲ. ಅವಧಿ ಇರುವ ಸಭೆಗಳನ್ನು ಹೀಗೆ ಕಿತ್ತುಹಾಕುವುದು ಸರಿಯೇ ಎಂಬ ಅಳುಕು. ಇಂದಿರಾ ಕಡೆಯವರಾಗಿ ಆಟ ಆಡ್ತಿದ್ದಾರೆ ಎಂಬ ಗುಮಾನಿಯೂ ಎದ್ದಿತು. ಏಪ್ರಿಲ್ 30ಕ್ಕೆ ಸಹಿ ಬಿತ್ತು.

ಅವರಿಗೆ ಬೇರೆ ದಾರಿ ಇತ್ತಾ? ಇಲ್ಲ. ತುರ್ತುಪರಿಸ್ಥಿತಿಯಲ್ಲೇ ತಂದ 42ನೇ ತಿದ್ದುಪಡಿ, ರಾಷ್ಟ್ರಪತಿ ಸಂಪುಟದ ಸಲಹೆಯಂತೆಯೇ ನಡೆಯಬೇಕು ಎಂದು ಕಟ್ಟಿಹಾಕಿತ್ತು. "ಇನ್ನೊಮ್ಮೆ ಯೋಚಿಸಿ" ಎಂದು ಒಂದು ಸಲ ವಾಪಸ್ ಕಳಿಸುವ ಅವಕಾಶ ಬಂದದ್ದು ಆಮೇಲಿನ 44ನೇ ತಿದ್ದುಪಡಿಯಲ್ಲಿ. ಅವರ ಕೈಲಿ ಇದ್ದದ್ದು ತಡ ಮಾಡುವುದೊಂದೇ. ಆ ತಡ ತಪ್ಪು ಅಂತ ನನಗೇನೂ ಅನಿಸುವುದಿಲ್ಲ.

ನಡುವೆ ಒಂದು ಮಾತು: ಜುಲೈ 21ಕ್ಕೆ ಲೋಕಸಭೆಯ ಸ್ಪೀಕರ್ ಆದವರು ನಮ್ಮ ಕಾರ್ಕಳ ತಾಲ್ಲೂಕು ಕೌಡೂರಿನ ಕೆ.ಎಸ್. ಹೆಗ್ಡೆ. ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ರಾಷ್ಟ್ರಪತಿಯಾಗಿ ಬರುವವರೆಗೆ, ನಾಲ್ಕು ದಿನ, ಎರಡೂ ಕುರ್ಚಿಯಲ್ಲಿ ಕರ್ನಾಟಕದವರು!

"ದಿಲ್ಲಿ ಕತೆ ನಮ್ಗೆಂತಕ್ಕೆ ಮಾರಾಯ್ರೆ?" ಅಂದ್ರೆ, ಊರಿಗೆ ಹೋದಾಗ ಜಾಗದ ಕಾಗದದ ಕಟ್ಟು ಬಿಚ್ಚಿ ಕಾಣಿ. 1957ರಲ್ಲಿ ಭೂಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದವರು ಇದೇ ಜತ್ತಿ. ಅವರ ವರದಿಯಿಂದ 1961ರ ಕಾಯಿದೆ ಹುಟ್ಟಿತು. ಸ್ವಂತ ಸಾಗುವಳಿ ಅಂತ ಹೇಳಿ ಧಣಿಗಳು ಜಾಗ ವಾಪಸ್ ಪಡೆಯಲು ಅದರಲ್ಲಿ ಸಂದುಗಳಿದ್ದವು ನಿಜ. ಚಾಲಗೇಣಿ ಒಕ್ಕಲಿಗೆ ಗದ್ದೆ ಸಿಕ್ಕಿದ್ದು ದೇವರಾಜ ಅರಸು ಕಾಲದ 1974ರ ತಿದ್ದುಪಡಿಯ ಮೇಲೆ. ನಿಮ್ಮ ಅಜ್ಜ ಗೇಣಿ ಅಕ್ಕಿ ಅಳೆದವರಾದರೆ, ಆ ಕಟ್ಟಿನಲ್ಲಿ ಭೂ ನ್ಯಾಯಮಂಡಳಿಯ ಆದೇಶವೊಂದು ಇದ್ದೀತು. ಆದೇಶದ ತಲೆಬರಹದಲ್ಲಿ ಕಾಯಿದೆಯ ವರ್ಷ ಓದಿ: 1961.