ಯೂ ಪೊದೆಯ ಬೇಲಿ: ಅಸಲು ಯಾವುದು, ಉತ್ಪತ್ತಿ ಯಾವುದು?

ಬಂಡವಾಳ ವೆಚ್ಚಕ್ಕೂ ರಾಜಸ್ವ ವೆಚ್ಚಕ್ಕೂ ಇರುವ ಭೇದವನ್ನು ಸದಸ್ಯ ಬಾಂಧವರಿಗೆ ವಿವರಿಸುವಾಗ ಯಂತ್ರ, ಕಟ್ಟಡ, ದುರಸ್ತಿಗಳ ಉದಾಹರಣೆಗಳನ್ನು ಕೊಡುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಅದಕ್ಕೆ ಬದಲಾಗಿ ಒಂದು ಪೊದೆಯನ್ನು ಆರಿಸಿಕೊಳ್ಳಲಾಗಿದೆ. ಇಂಗ್ಲೆಂಡ್, ಐರೋಪ್ಯ ದೇಶಗಳು ಹಾಗೂ ಉತ್ತರ ಅಮೆರಿಕದ ಉದ್ಯಾನಗಳಲ್ಲಿ ಬೇಲಿಯಾಗಿ ಬೆಳೆಸಲಾಗುವ ‘ಯೂ’ ಎಂಬ ನಿತ್ಯಹರಿದ್ವರ್ಣದ ಸಸ್ಯವದು. ನಮ್ಮ ಬಯಲುಸೀಮೆಯ ಬಿಸಿಲಿಗೆ ಅದು ಒಗ್ಗುವುದಿಲ್ಲ. ಆದರೆ ಅದೇ ಕುಲದ ಮರ ಹಿಮಾಲಯದಲ್ಲಿದೆ. ಅದರ ಎಲೆಯ ಪ್ರಶ್ನೆ ನಮ್ಮ ಗ್ರಂಥಿಗೆ ಅಂಗಡಿಗಳಿಗೂ ಸಂಬಂಧಿಸಿದ್ದು. ಆದುದರಿಂದ ಈ ವಿಷಯವು ವರ್ತಕರಿಗೆ ತೀರ ಅನ್ಯವಾದುದೇನಲ್ಲ.

ಯೂ ಬಹು ನಿಧಾನವಾಗಿ ಬೆಳೆಯುವ ಸಸ್ಯವೆಂದು ಪ್ರತೀತಿಯಿದೆ. ಇದು ಅರ್ಧಸತ್ಯ. ಇಂಗ್ಲೆಂಡಿನ ಹವೆಯಲ್ಲಿ ಬೇರೂರಿದ ಗಿಡವು ವರ್ಷಕ್ಕೆ ಸುಮಾರು 20ರಿಂದ 30 ಸೆಂಟಿಮೀಟರ್ ಬೆಳೆಯುತ್ತದೆ. ಬೇಲಿಗಾಗಿ ಗಿಡಗಳನ್ನು 45ರಿಂದ 60 ಸೆಂಟಿಮೀಟರ್ ಅಂತರದಲ್ಲಿ ನೆಡುತ್ತಾರೆ. ಸುಣ್ಣದ ಮಣ್ಣಾಗಲಿ ಹುಳಿ ಮಣ್ಣಾಗಲಿ ಅದಕ್ಕೆ ಅಡ್ಡಿಯಿಲ್ಲ. ಬಿಸಿಲಿಗೂ ನೆರಳಿಗೂ ಹೊಂದಿಕೊಳ್ಳುತ್ತದೆ. ಅದು ಸಹಿಸದಿರುವುದು ಒಂದೇ, ನಿಂತ ನೀರು. ಬಸಿಗಾಲುವೆಯಿಲ್ಲದ ಜೇಡಿನೆಲದಲ್ಲಿ ಬೇರು ಕೊಳೆತು ಎಲೆ ಹಳದಿಯಾಗಿ ಗಿಡ ಸಾಯುತ್ತದೆ. ಬೇಲಿ ಒಮ್ಮೆ ರೂಪುಗೊಂಡ ಮೇಲೆ ವರ್ಷಕ್ಕೊಂದು ಬಾರಿ, ಬೇಸಿಗೆಯ ಕೊನೆಯಲ್ಲಿ ಸವರಿದರೆ ಸಾಕು. ಶೀಘ್ರವಾಗಿ ಬೆಳೆಯುವ ಬೇಲಿಗಿಡಗಳನ್ನು ವರ್ಷಕ್ಕೆ ಎರಡು ಮೂರು ಸಲ ಸವರಬೇಕಾಗುತ್ತದೆ. ಕೂಲಿ ದುಬಾರಿಯಾದ ದೇಶಗಳಲ್ಲಿ ಈ ವ್ಯತ್ಯಾಸವೇ ಗಿಡದ ಹೆಚ್ಚಿನ ಬೆಲೆಯನ್ನು ಕ್ರಮೇಣ ತೀರಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದ ಗುಣ ಮತ್ತೊಂದಿದೆ. ಸೂಜಿಯೆಲೆಯ ಬಹುತೇಕ ಸಸ್ಯಗಳನ್ನು ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅವು ಮತ್ತೆ ಚಿಗುರುವುದಿಲ್ಲ. ಯೂ ಚಿಗುರುತ್ತದೆ. ಅತಿಯಾಗಿ ಅಗಲವಾದ ಬೇಲಿಯನ್ನು ಒಂದು ವರ್ಷ ಒಂದು ಮಗ್ಗುಲು, ಅದು ಚೇತರಿಸಿಕೊಂಡ ಮೇಲೆ ಇನ್ನೊಂದು ಮಗ್ಗುಲು ಎಂದು ಕಾಂಡದ ಹತ್ತಿರದವರೆಗೂ ಕಡಿದು ಹೊಸದಾಗಿಸಬಹುದು. ಸ್ಕಾಟ್ಲೆಂಡಿನ ಕ್ರಾಥಸ್ ಕೋಟೆಯ ಯೂ ಬೇಲಿಗಳನ್ನು 1702ರಲ್ಲಿ ನೆಟ್ಟದ್ದು. ಇಂದಿಗೂ ಅವನ್ನು ಸವರುತ್ತಾರೆ. ಮುನ್ನೂರು ವರ್ಷ ಬಾಳಿದ ಆಸ್ತಿಗೆ ಸವಕಳಿಯ ದರ ಎಷ್ಟೆಂದು ಯಾರಾದರೂ ಕೇಳಿದರೆ ನನ್ನಂಥವರು ನಿರುತ್ತರರಾಗಬೇಕಾದೀತು.

ಬೀಜದಿಂದ ಯೂ ಬೆಳೆಸುವುದು ತಾಳ್ಮೆಯ ಕೆಲಸ. ಮೊಳೆಯಲು ವರ್ಷಕ್ಕಿಂತ ಹೆಚ್ಚು ಹಿಡಿಯುವುದುಂಟು. ಹುಟ್ಟಿದ ಗಿಡವು ತಾಯಿಯಂತೆಯೇ ಇರುವುದೆಂಬ ಭರವಸೆಯೂ ಇಲ್ಲ. ಆದುದರಿಂದ ಹೆಸರುಳ್ಳ ತಳಿಗಳನ್ನು ಕಡ್ಡಿ ನೆಟ್ಟೇ ವೃದ್ಧಿಪಡಿಸುತ್ತಾರೆ. ಕಂಬದಂತೆ ನೆಟ್ಟಗೆ ಬೆಳೆಯುವ ‘ಐರಿಷ್ ಯೂ’ ತಳಿಯು ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಫರ್ಮಾನಾ ಪ್ರಾಂತದಲ್ಲಿ ದೊರೆತ ಗಿಡದಿಂದ ಬಂದದ್ದು. ಅಲ್ಲಿನ ಫ್ಲಾರೆನ್ಸ್ ಕೋರ್ಟಿನಲ್ಲಿರುವ ಮೂಲವೃಕ್ಷದ ಕಡ್ಡಿಗಳಿಂದಲೇ ಅದು ಲೋಕಕ್ಕೆಲ್ಲ ಹರಡಿತು. ಅಮೆರಿಕದ ತೀವ್ರ ಚಳಿಗೆ ಇಂಗ್ಲಿಷ್ ಯೂ ತಡೆಯಲಾರದೆಂದು, ಅದನ್ನು ಜಪಾನಿನ ಯೂ ಜೊತೆ ಸಂಕರಗೊಳಿಸಿದ ತಳಿಗಳು ಇಪ್ಪತ್ತನೆಯ ಶತಮಾನದ ಆರಂಭದಿಂದ ಬಳಕೆಗೆ ಬಂದವು. ಮನೆಯ ಅಡಿಪಾಯದ ಸುತ್ತ ಅಲ್ಲಿ ಕಾಣುವ ಗುಂಡಗಿನ ಹಸಿರು ಪೊದೆಗಳಲ್ಲಿ ಇವು ಬಹಳ. ಜಿಂಕೆಗಳು ಹೆಚ್ಚಿರುವ ಊರುಗಳಲ್ಲಿ ಮಾತ್ರ ಇದನ್ನು ನೆಡುವುದು ಜಾಣತನವಲ್ಲ. ದನ ಕುದುರೆಗಳಿಗೆ ವಿಷವಾದ ಈ ಎಲೆಯನ್ನು ಅವು ಬೋಳಾಗಿಸಿಬಿಡುತ್ತವೆ.

ಸಸ್ಯಕ್ಷೇತ್ರದವನ ದೃಷ್ಟಿಯಿಂದ ಲೆಕ್ಕ ನೋಡೋಣ. ಇದು ಕೇವಲ ಕಲ್ಪಿತ ಉದಾಹರಣೆ. ಒಂದು ಗಿಡಕ್ಕೆ ಮೊದಲಿಗೆ 100 ರೂಪಾಯಿ, ಅನಂತರ ಪ್ರತಿ ವರ್ಷಾಂತ್ಯಕ್ಕೆ ಆರೈಕೆಗೆ 20 ರೂಪಾಯಿ, ಹೀಗೆ 8 ವರ್ಷ ಬೆಳೆಸಿ ಮಾರಿದನೆನ್ನಿ. ಕೈಯಿಂದ ಹೋದದ್ದು 260 ರೂಪಾಯಿ. ಶೇಕಡಾ 12ರ ಚಕ್ರಬಡ್ಡಿಯನ್ನು ಸೇರಿಸಿದರೆ ಅಸಲು ಬೆಲೆ 494 ರೂಪಾಯಿಯಾಗುತ್ತದೆ. ನೂರರಲ್ಲಿ ಹತ್ತು ಗಿಡ ಕೊನೆಯಲ್ಲಿ ಸತ್ತರೆ ಉಳಿದ ಪ್ರತಿ ಗಿಡದ ಮೇಲೆ 549 ರೂಪಾಯಿ ಬೀಳುತ್ತದೆ. 400 ರೂಪಾಯಿಗೆ ಮಾರಿ ‘140 ಲಾಭ’ ಎಂದು ಹಿಗ್ಗುವವನು ವಾಸ್ತವವಾಗಿ ನಷ್ಟದಲ್ಲಿರುತ್ತಾನೆ. ಎತ್ತರದ ಬೇಲಿಗಿಡವು ಎಳೆಯ ಗಿಡಕ್ಕಿಂತ ಹಲವು ಪಟ್ಟು ದುಬಾರಿಯಾಗಿರುವುದು ಈ ಕಾರಣದಿಂದ. ಕೊಳ್ಳುವವನು ಅಲ್ಲಿ ತೆರುವುದು ವರ್ಷಗಳ ಬೆಲೆ. ಕಾಯಬಲ್ಲವನು ಚಿಕ್ಕ ಗಿಡವನ್ನೇ ಕೊಳ್ಳುವುದು ಲೇಸು, ಏಕೆಂದರೆ ಚಿಕ್ಕ ಗಿಡ ಬೇಗ ಬೇರೂರುತ್ತದೆ. ಸಾಗುವಾನಿ, ಶ್ರೀಗಂಧದ ತೋಪುಗಳ ಲಾಭದ ಪಟ್ಟಿಗಳನ್ನು ಹಿಡಿದು ಬರುವ ಮಧ್ಯಸ್ಥರಿಗೂ ಇದೇ ಬಡ್ಡಿಯ ಪ್ರಶ್ನೆಯನ್ನು ಕೇಳಬಹುದು.

ಇನ್ನು ಸವರಿ ಬಿಸುಡುವ ಚಿಗುರಿನ ವಿಚಾರ. ಬಹುಕಾಲ ಅದು ಕಸವಾಗಿತ್ತು. ಸಾಗಿಸಲು ಖರ್ಚು ಬೇರೆ. 1962ರಲ್ಲಿ ಅಮೆರಿಕದ ಪಶ್ಚಿಮ ತೀರದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆಯನ್ನು ಸಂಶೋಧನೆಗಾಗಿ ಸಂಗ್ರಹಿಸಲಾಯಿತು. ಅದರಿಂದ ಬೇರ್ಪಡಿಸಿದ ಟ್ಯಾಕ್ಸಾಲ್ ಎಂಬ ವಸ್ತುವಿನ ರಚನೆಯನ್ನು 1971ರಲ್ಲಿ ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಪ್ರಕಟಿಸಿದರು; 1992ರ ಡಿಸೆಂಬರಿನಲ್ಲಿ ಅಂಡಾಶಯದ ಕ್ಯಾನ್ಸರಿಗೆ ಔಷಧವಾಗಿ ಅಲ್ಲಿ ಮಂಜೂರಾತಿ ದೊರೆಯಿತು. ಆದರೆ ಒಂದು ಕಿಲೋ ಔಷಧಕ್ಕೆ ಸುಮಾರು 10 ಟನ್ ಒಣ ತೊಗಟೆ ಬೇಕು. ತೊಗಟೆ ಸುಲಿದ ಮರ ಸಾಯುತ್ತದೆ. ಇದು ಅಸಲಿಗೇ ಕೈ ಹಾಕಿದಂತೆ. ಬೇಡಿಕೆ ಹೆಚ್ಚಿದಷ್ಟೂ ಮೂಲವಸ್ತು ಕ್ಷೀಣಿಸುವ ವ್ಯಾಪಾರ ಎಷ್ಟು ದಿನ ನಡೆದೀತು?

ಪರಿಹಾರವು ಎಲೆಯಲ್ಲಿತ್ತು. ಫ್ರಾನ್ಸಿನಲ್ಲಿ ಪಿಯೆರ್ ಪೊಟಿಯೆ ಅವರ ತಂಡವೂ ಅಮೆರಿಕದ ಫ್ಲಾರಿಡಾದಲ್ಲಿ ರಾಬರ್ಟ್ ಹೋಲ್ಟನ್ ಅವರೂ ಸೂಜಿಯೆಲೆಗಳಲ್ಲಿ ದೊರೆಯುವ ಒಂದು ಪೂರ್ವವಸ್ತುವಿನಿಂದ ಇಂತಹ ಔಷಧಗಳನ್ನು ತಯಾರಿಸುವ ಮಾರ್ಗಗಳನ್ನು ರೂಪಿಸಿದರು. ಎಲೆಯು ಪ್ರತಿ ವರ್ಷ ಮತ್ತೆ ಬರುತ್ತದೆ. ಬ್ರಿಟನ್ನಿನಲ್ಲಿ ಬೇಸಿಗೆಯಲ್ಲಿ ಯೂ ಬೇಲಿಗಳ ತಾಜಾ ಚಿಗುರನ್ನು ಔಷಧೋದ್ಯಮಕ್ಕಾಗಿ ಸಂಗ್ರಹಿಸುವ ವ್ಯವಹಾರ ಬೆಳೆದುದು ಹೀಗೆ. ಆ ವರ್ಷದ ಎಳೆಯ ಚಿಗುರು ಮಾತ್ರ ಬೇಕು. ಬೇರೆ ಗಿಡದ ಎಲೆ, ಕಸ ಬೆರೆಯಬಾರದು. ರಾಶಿ ಹಾಕಿ ಬಿಸಿಯಾಗಲು ಬಿಡಬಾರದು. ಕಚ್ಚಾಮಾಲಿನ ದರ್ಜೆಯ ವಿಷಯದಲ್ಲಿ ನಮ್ಮ ಮಾರುಕಟ್ಟೆಗಳೂ ಹೇಳುವ ಮಾತೇ ಇದು. ಅನಂತರದ ಕಾಲದಲ್ಲಿ ಯೂ ಸಸ್ಯದ ಜೀವಕೋಶಗಳನ್ನೇ ತೊಟ್ಟಿಗಳಲ್ಲಿ ಬೆಳೆಸಿ ಔಷಧ ತೆಗೆಯುವ ವಿಧಾನವೂ ಬಂದಿದೆ. ಆದುದರಿಂದ ಚಿಗುರಿನ ಬೇಡಿಕೆ ಶಾಶ್ವತವೆಂದು ಭಾವಿಸಿ ಯಾರೂ ಬೇಲಿ ನೆಡಬೇಕಾಗಿಲ್ಲ.

ಲೆಕ್ಕಪತ್ರ ಮಾನದಂಡಗಳು ಈ ಭೇದವನ್ನು ಗುರುತಿಸಿವೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಫಸಲು ಕೊಡುವ, ತಾನೇ ಮಾರಾಟವಾಗುವ ಸಂಭವ ತೀರ ವಿರಳವಾದ ಸಸ್ಯವನ್ನು ‘ಫಲಧಾರಕ ಸಸ್ಯ’ವೆಂದು ಪರಿಗಣಿಸಿ, ಯಂತ್ರೋಪಕರಣಗಳಂತೆ ಸ್ಥಿರಾಸ್ತಿಯಾಗಿ ತೋರಿಸಬೇಕು. ಚಿಗುರಿಗಾಗಿಯೇ ಇಟ್ಟ ಯೂ ಈ ಪೈಕಿ ಸೇರುತ್ತದೆ. ಮಾರಲೆಂದು ಬೆಳೆಸಿದ ಅದೇ ಗಿಡ ಇಂಡ್ ಎಎಸ್ 41ರ ಪ್ರಕಾರ ಜೈವಿಕ ಆಸ್ತಿ. ಮಾರಾಟದ ವೆಚ್ಚ ಕಳೆದು ನ್ಯಾಯಯುತ ಮೌಲ್ಯಕ್ಕೆ ಅದನ್ನು ತೋರಿಸಲಾಗುತ್ತದೆ. ಗಿಡ ಒಂದೇ, ಉದ್ದೇಶ ಬೇರೆ, ಲೆಕ್ಕ ಬೇರೆ. ಕಾರ್ಖಾನೆಯ ಆವರಣದಲ್ಲಿ ಅಂದಕ್ಕಾಗಿ ಮೊದಲ ಬಾರಿಗೆ ನೆಟ್ಟ ಬೇಲಿಯ ಖರ್ಚನ್ನೂ ವರ್ಷವರ್ಷದ ಸವರುವ ಕೂಲಿಯನ್ನೂ ಒಂದೇ ಶೀರ್ಷಿಕೆಗೆ ತಳ್ಳುವುದು ಬಹಳ ಕಡೆ ಕಂಡುಬರುವ ದೋಷ. ಎರಡನೆಯದು ಮಾತ್ರ ನಿರ್ವಿವಾದವಾಗಿ ರಾಜಸ್ವ ವೆಚ್ಚ.

ಹಿಮಾಲಯದ ಯೂ ಮರದ ಕಥೆಯಲ್ಲಿ ಬಲಿಯಾದದ್ದು ಅಸಲೇ. ಉತ್ತರಾಖಂಡದಲ್ಲಿ ‘ಥುನೇರ್’, ಹಿಮಾಚಲದಲ್ಲಿ ‘ರಖಾಲ್’ ಎನಿಸಿಕೊಳ್ಳುವ ಈ ಮರದ ತೊಗಟೆಯನ್ನು ಬೆಟ್ಟದ ಜನ ಚಹದಂತೆ ಕುದಿಸಿ ಕುಡಿಯುವುದು ಹಿಂದಿನಿಂದಲೂ ಇತ್ತು. ಔಷಧದ ಬೇಡಿಕೆ ಬಂದ ಮೇಲೆ ಎಲೆ, ತೊಗಟೆಗಳ ಸಂಗ್ರಹ ಮಿತಿ ಮೀರಿತು. 1995ರಿಂದ ಇದು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ. ಕಾಡಿನಿಂದ ತಂದ ಸರಕು ನಮ್ಮ ರಫ್ತು ನಿಷೇಧದ ಪಟ್ಟಿಗೂ ಸೇರಿದೆ. ಕಡ್ಡಿಯಿಂದ ಸಸಿ ಬೆಳೆಸುವ ಪ್ರಯೋಗಗಳು ಹಿಮಾಲಯದ ಸಂಶೋಧನಾ ಸಂಸ್ಥೆಗಳಲ್ಲಿ ನಡೆದಿವೆ.

ಗ್ರಂಥಿಗೆ ಸರಕಿನ ವರ್ತಕರಿಗೆ ಇಲ್ಲಿ ನೇರವಾದ ಅಪಾಯವೊಂದಿದೆ. ‘ತಾಳೀಸಪತ್ರ’ವೆಂದರೆ ಆಯುರ್ವೇದ ಔಷಧಕೋಶದ ಪ್ರಕಾರ ಹಿಮಾಲಯದ ಫರ್ ಮರದ ಎಲೆ. ಕೆಲವು ಮಾರುಕಟ್ಟೆಗಳಲ್ಲಿ ಯೂ ಎಲೆಯೂ ಅದೇ ಹೆಸರಿನಲ್ಲಿ ಬಂದಿದೆ. ಯೂ ಗಿಡದಲ್ಲಿ ಕೆಂಪು ಹಣ್ಣಿನ ತಿರುಳೊಂದನ್ನು ಬಿಟ್ಟು ಎಲೆ, ಬೀಜ, ತೊಗಟೆಗಳೆಲ್ಲ ವಿಷ. ಅದು ಹೃದಯದ ಬಡಿತಕ್ಕೇ ಧಕ್ಕೆ ತರುತ್ತದೆ. ಫರ್ ಎಲೆಯ ತುದಿ ಸಾಮಾನ್ಯವಾಗಿ ಸಣ್ಣಗೆ ಸೀಳಿದಂತಿದ್ದು ಅಡಿಯಲ್ಲಿ ಎರಡು ಬಿಳಿ ಪಟ್ಟೆಗಳಿರುತ್ತವೆ. ಯೂ ಎಲೆಯ ತುದಿ ಚೂಪು, ಅಡಿಭಾಗ ಮಾಸಲು ಹಸಿರು. ಪುಡಿಯಾಗಿ ಬಂದ ಸರಕಿನಲ್ಲಿ ಇದಾವುದೂ ಕಾಣದು. ಆದುದರಿಂದ ಇಡೀ ಎಲೆಯನ್ನೇ ಕೊಳ್ಳುವುದು, ಬಿಲ್ಲಿನಲ್ಲಿ ಸಸ್ಯದ ಶಾಸ್ತ್ರೀಯ ಹೆಸರನ್ನು ಬರೆಸುವುದು, ಪ್ರತಿ ಕಂತಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವರದಿಯನ್ನು ಅದೇ ಬಿಲ್ಲಿಗೆ ಲಗತ್ತಿಸಿ ಇಡುವುದು ಅವಶ್ಯಕ.