ಮೀನುಮರಿಗೂ ದಾರಿ ಬಿಟ್ಟ ತಡೆಗೋಡೆ

ಅಮೆರಿಕದ ಸಿಯಾಟಲ್ ನಗರದ ಕಡಲದಂಡೆಯ ಪಾದಚಾರಿ ಮಾರ್ಗದಲ್ಲಿ ಕಾಲಡಿಗೆ ಗಾಜಿನ ಬಿಲ್ಲೆಗಳು ಸಿಗುತ್ತವೆ. ಅವು ಇರುವುದು ಅಂದಕ್ಕಲ್ಲ, ಕೆಳಗೆ ಈಜುವ ಸಾಲ್ಮನ್ ಮರಿಗಳಿಗೆ ಬೆಳಕು ಬೀಳಲೆಂದು.

ಡುವಾಮಿಶ್ ನದಿಯಿಂದ ಕಡಲಿಗಿಳಿಯುವ ಈ ಮರಿಗಳು ದಡಕ್ಕೆ ಅಂಟಿಕೊಂಡೇ ಸಾಗುತ್ತವೆ. ಆಳವಿಲ್ಲದ ನೀರಿನಲ್ಲಿ ದೊಡ್ಡ ಮೀನುಗಳ ಕಾಟ ಕಡಿಮೆ, ತಿನ್ನಲು ಪುಟ್ಟ ಜೀವಿಗಳು ಹೇರಳ. 1916ರಿಂದ 1934ರವರೆಗೆ ಕಟ್ಟಿದ ತಡೆಗೋಡೆ ಇಳಿಜಾರು ದಡವನ್ನೇ ಅಳಿಸಿಹಾಕಿತು. ಬುಡದಲ್ಲಿ ನೀರು ಆಳವಾಯಿತು, ಮೇಲೆ ಹಡಗುಕಟ್ಟೆಗಳ ನೆರಳು ಕವಿಯಿತು. ಬೆಳಕಿನಿಂದ ಒಮ್ಮೆಲೇ ಕತ್ತಲೆಗೆ ನುಗ್ಗಲು ಮರಿಗಳು ಹಿಂಜರಿಯುತ್ತವೆ. ನೆರಳಿನ ಅಂಚಿನಲ್ಲೇ ಸುಳಿದಾಡುತ್ತವೆ, ಇಲ್ಲವೇ ಸುತ್ತುಬಳಸಿ ಆಳದ ನೀರಿಗೆ ಹೋಗಿ ಅಪಾಯಕ್ಕೆ ಸಿಲುಕುತ್ತವೆ.

ಆ ಗೋಡೆಗೂ ಕಡಲಜೀವಿಯಿಂದಲೇ ಕುತ್ತು ಬಂತು. ಗ್ರಿಬಲ್ ಎಂಬ, ಕೆಲವೇ ಮಿಲಿಮೀಟರ್ ಉದ್ದದ ಪ್ರಾಣಿ ಅದರ ಮರದ ಆಧಾರಗಳನ್ನು ಕೊರೆದು ತಿಂದಿತ್ತು. 2001ರ ಭೂಕಂಪದ ನಂತರ ಗೋಡೆ ಎಷ್ಟು ಶಿಥಿಲವಾಗಿದೆ ಎಂಬುದು ಬಯಲಾಯಿತು. ಹೊಸದನ್ನು ಕಟ್ಟುವ ಮೊದಲೇ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬಗೆಬಗೆಯ ಕಾಂಕ್ರೀಟ್ ಫಲಕಗಳನ್ನು ಹಳೆಯ ಗೋಡೆಗೆ ಜೋಡಿಸಿ, ಯಾವುದರ ಮೇಲೆ ಏನು ಬೆಳೆಯುತ್ತದೆಂದು ಪರೀಕ್ಷಿಸಿದರು.

2017ರಲ್ಲಿ ಪೂರ್ಣಗೊಂಡ ಹೊಸ ಗೋಡೆಯ ಮೈ ಆ ಪರೀಕ್ಷೆಯ ಆಧಾರದ ಮೇಲೆಯೇ ಒರಟು. ಇಳಿತದ ವೇಳೆ ನುಣುಪು ಕಾಂಕ್ರೀಟ್ ಬೇಗ ಒಣಗಿ ಕಾಯುತ್ತದೆ. ಉಬ್ಬುತಗ್ಗುಗಳ ಸಂದಿಯಲ್ಲಿ ತೇವ ಉಳಿಯುತ್ತದೆ, ಪಾಚಿ, ಚಿಪ್ಪುಜೀವಿಗಳು ನೆಲೆಯೂರುತ್ತವೆ. ಅವುಗಳ ನಡುವೆ ಬದುಕುವ ಪುಟ್ಟ ಜೀವಿಗಳು ಸಾಲ್ಮನ್ ಮರಿಗಳ ಆಹಾರ. ಬುಡದಲ್ಲಿ ಕಲ್ಲು ತುಂಬಿದ ಜಾಲರಿ ಚೀಲಗಳನ್ನು ಹಾಸಿ ತಳವನ್ನು ಎತ್ತರಿಸಿದ್ದರಿಂದ ಮರಿಗಳಿಗೆ ಬೇಕಾದ ಆಳವಿಲ್ಲದ ನೀರಿನ ಹಾದಿ ಸಿಕ್ಕಿತು.

ಇರುವ ಗೋಡೆಯನ್ನು ಕೆಡವದೆಯೂ ಇಂಥ ಕೆಲಸ ಸಾಧ್ಯ. ಆಸ್ಟ್ರೇಲಿಯಾದ ಸಿಡ್ನಿ ಬಂದರಿನಲ್ಲಿ 2018ರಿಂದ ಹಳೆಯ ಗೋಡೆಗಳಿಗೇ ಆರು ಮೂಲೆಯ ಫಲಕಗಳನ್ನು ಜೋಡಿಸುತ್ತಿದ್ದಾರೆ. ಕೆಲವು ಫಲಕಗಳಲ್ಲಿ ಬಂಡೆಗುಳಿಗಳ ನಕಲಿದೆ, ಕೆಲವುಗಳಲ್ಲಿ ಕಾಂಡ್ಲಾ ಬೇರುಗಳದ್ದು.

ಹಾಗೆಂದು ಈ ಮಾದರಿಯನ್ನು ಕಂಡಕಂಡಲ್ಲಿ ನಕಲು ಮಾಡುವಂತಿಲ್ಲ. ನಮ್ಮ ಕರಾವಳಿಯಲ್ಲಿ ಕಡಲ್ಕೊರೆತ ಎಂದರೆ ಬಂಡೆಗಲ್ಲು ಸುರಿಯುವುದೇ ರೂಢಿಯ ಪರಿಹಾರ. ಆದರೆ ಇಲ್ಲಿನ ಮರಳದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಗೋಡೆಯಲ್ಲಿ ಎಷ್ಟೇ ಸಂದಿ ಕೊರೆದರೂ ಆಮೆಗೆ ಮರಳು ಸಿಗದು. ಆದ್ದರಿಂದ ಗೋಡೆ ಹೇಗಿರಬೇಕು ಎನ್ನುವುದಕ್ಕಿಂತ ಮೊದಲು, ಅಲ್ಲಿ ಗೋಡೆ ಬೇಕೇ ಎಂದು ಕೇಳಬೇಕು. ಬೇಕೇಬೇಕು ಎಂದಾದರೆ ನಕ್ಷೆ ಬರೆಯುವ ದಿನವೇ ಜೀವವಿಜ್ಞಾನಿಯನ್ನು ಕರೆಯಬೇಕು.