ಬಾಣ ಚದುರಿದರೆ ಮೊದಲು ಸೈಟ್ ಮುಟ್ಟಬೇಡಿ

ಆಗಸ್ಟ್ ತಿಂಗಳ ಒಂದು ಶನಿವಾರ. ಹಿತ್ತಲಲ್ಲಿ 20 ಗಜ ದೂರದಲ್ಲಿಟ್ಟ ಫೋಮ್ ಬ್ಲಾಕಿಗೆ ಆರು ಬಾಣ ಬಿಟ್ಟೆ. ಮೂರು ಒತ್ತೊತ್ತಾಗಿ ನಾಟಿದವು. ಎರಡು ಎಡಕ್ಕೆ ಐದಿಂಚು ಸರಿದಿದ್ದವು. ಆರನೆಯದು ಬ್ಲಾಕನ್ನೇ ತಪ್ಪಿಸಿಕೊಂಡು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಕ್ಕಿತ್ತು. ಹಿಂದಿನ ವಾರ ಅದೇ ಬಿಲ್ಲು, ಅದೇ ಬಾಣ, ಅದೇ ನಾನು. ಆರೂ ಒಂದು ಸಾಸರಿನಷ್ಟು ಜಾಗದೊಳಗೆ ಬಿದ್ದಿದ್ದವು.

ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡೋರಿಗೆ ಈ ನೋವು ಗೊತ್ತು. ಯಾವಾಗಲೂ ಫೇಲ್ ಆಗೋ ಟೆಸ್ಟ್ ಪಾಪದ್ದು, ಹಿಡಿಯಬಹುದು. ಹತ್ತು ಸಲದಲ್ಲಿ ಮೂರು ಸಲ ಮಾತ್ರ ಫೇಲ್ ಆಗೋದು ಇದೆಯಲ್ಲ, ಅದು ನಿದ್ದೆ ಕೆಡಿಸುತ್ತೆ.

ನಾನು ಇರೋದು ಅಮೆರಿಕದ ಮಿಷಿಗನ್‌ನಲ್ಲಿ. ಇಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನ ಶಿಕಾರಿಯ ಸೀಸನ್ ಶುರು. ಲೈಸೆನ್ಸ್ ಬೇಕು, ಹಂಟರ್ ಸೇಫ್ಟಿ ಕೋರ್ಸ್ ಬೇಕು, ಎರಡೂ ಮುಗಿಸಿದ್ದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಂದರೆ ಅಜ್ಜಂದಿರ ಕಥೆ, ಇಲ್ಲವೇ ಜೈಲು. ಇಲ್ಲಿ ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜ ಪ್ರತಿ ವರ್ಷ ಒಂದು ಜಿಂಕೆ ಹೊಡೆದು ಚಳಿಗಾಲಕ್ಕೆ ಮಾಂಸ ಫ್ರೀಜರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ತಮ್ಮ ಹಳೇ ಕಾಂಪೌಂಡ್ ಬಿಲ್ಲನ್ನು ನನಗೆ ಕೊಟ್ಟವರೂ ಅವರೇ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಇದು ಗೊತ್ತಾದ ದಿನ ಫೋನಲ್ಲಿ ಒಂದೇ ಪ್ರಶ್ನೆ: “ಅಲ್ಲೋ, ಜಿಂಕೆ ಹೊಡೆಯೋಕೆ ಅಷ್ಟು ದೂರ ಹೋದ್ಯೇನೋ?”

ಕಾಂಪೌಂಡ್ ಬಿಲ್ಲಿನ ಎರಡೂ ತುದಿಗೆ ಕ್ಯಾಮ್ ಅನ್ನೋ ಚಕ್ರಗಳಿರುತ್ತವೆ. ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಇದಕ್ಕೆ 1969ರಲ್ಲಿ ಪೇಟೆಂಟ್ ಪಡೆದರು. ಎಳೆಯುವಾಗ 60 ಪೌಂಡ್ ಭಾರ, ಪೂರ್ತಿ ಎಳೆದ ಮೇಲೆ ಕೈಗೆ ಉಳಿಯೋದು ಸುಮಾರು 12 ಪೌಂಡ್. ಹಾಗಾಗಿ ನಿಧಾನಕ್ಕೆ ಗುರಿ ಹಿಡಿಯಬಹುದು. ಯಂತ್ರವೇ ಅರ್ಧ ಕೆಲಸ ಮಾಡುತ್ತೆ ಅಂತ ನಂಬಿದ್ದೇ ನನ್ನ ಮೊದಲ ತಪ್ಪು.

ಎರಡನೇ ತಪ್ಪು ಸೈಟ್ ತಿರುಗಿಸಿದ್ದು. ಬಾಣ ಎಡಕ್ಕೆ ಹೋದರೆ ಸೈಟ್ ಪಿನ್ ಎಡಕ್ಕೆ ಸರಿಸಬೇಕು ಅನ್ನೋದು ನಿಯಮ. ಸರಿಸಿದೆ. ಮುಂದಿನ ಬಾಣ ಬಲಕ್ಕೆ ಹೋಯಿತು. ಬಲಕ್ಕೆ ಸರಿಸಿದೆ. ಬೇಲಿಯಾಚೆಯಿಂದ ನೋಡ್ತಿದ್ದ ಅಜ್ಜ, “ನೀನು ಗುರಿಗೆ ಹೊಡೀತಿಲ್ಲ ಮಗಾ, ಬಾಣದ ಹಿಂದೆ ಓಡ್ತಿದ್ದೀಯ” ಅಂದರು. ಇಂಜಿನಿಯರಿಂಗ್‌ನಲ್ಲಿ ಓದಿ ಮರೆತಿದ್ದು ಆಗ ನೆನಪಾಯಿತು. ಆರೂ ಬಾಣ ಒಟ್ಟಿಗೆ ಬಿದ್ದು, ಜಾಗ ಮಾತ್ರ ತಪ್ಪಿದ್ದರೆ ಅದು ಸರಾಸರಿಯ ದೋಷ, ಸೈಟ್ ಸರಿಪಡಿಸುತ್ತೆ. ಬಾಣಗಳೇ ಚದುರಿದ್ದರೆ ಸೈಟ್‌ಗೂ ಅದಕ್ಕೂ ಸಂಬಂಧವಿಲ್ಲ.

ಇದನ್ನು ಹಟ ಹಿಡಿದು ಹುಡುಕಿದ್ದಕ್ಕೆ ಕಾರಣವಿದೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಹೆಚ್ಚೂಕಡಿಮೆ ಎಂಟಿಂಚಿನ ಪೇಪರ್ ಪ್ಲೇಟಿನಷ್ಟು. ಬಾಣ ಅಲ್ಲಿ ಬಿದ್ದರೆ ಬೇಗ ಮುಗಿಯುತ್ತೆ. ನಾಲ್ಕಿಂಚು ಹಿಂದೆ, ಹೊಟ್ಟೆಗೆ ಬಿದ್ದರೆ ಆ ಜೀವ ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತೆ. ನನ್ನ ಆರು ಬಾಣದಲ್ಲಿ ಮೂರು ಪ್ಲೇಟಿನ ಹೊರಗಿದ್ದವು.

ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಶಪಥ ಮಾಡಿ, ಮೊದಲು ಬಿಲ್ಲು ನೋಡಿದೆ. ಅಲೆನ್ ಕೀ ಹಿಡಿದು ಒಂದೊಂದೇ ಸ್ಕ್ರೂ ಮುಟ್ಟುತ್ತಾ ಹೋದರೆ, ಬಾಣ ಕೂರುವ ರೆಸ್ಟ್‌ನ ಸ್ಕ್ರೂ ಸಡಿಲ. ಪ್ರತಿ ಹೊಡೆತದ ನಡುಕಕ್ಕೆ ಅದು ಕೂದಲೆಳೆಯಷ್ಟು ಸರಿಯುತ್ತಿತ್ತು. ಬಿಗಿ ಮಾಡಿದೆ. ಹೆದೆಯ ನಡುವೆ ಕಣ್ಣಿಟ್ಟು ನೋಡುವ ಪುಟ್ಟ ಪೀಪ್ ಇರುತ್ತಲ್ಲ, ಅದು ಜಾರಿದರೆ ಗೊತ್ತಾಗಲಿ ಅಂತ ಅದರ ಮೇಲೂ ಕೆಳಗೂ ಬಿಳಿ ಮಾರ್ಕರ್‌ನಲ್ಲಿ ಗೆರೆ ಹಾಕಿದೆ. ಚದುರುವಿಕೆ ಕಡಿಮೆಯಾಯಿತು, ಹೋಗಲಿಲ್ಲ.

ಆಮೇಲೆ ಬಾಣ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಒಂದು ಸಿಲ್ವರ್ ಪೆನ್. ಬಾಣಗಳಿಗೆ 1ರಿಂದ 6ರವರೆಗೆ ನಂಬರ್ ಬರೆದು, ಪ್ರತಿ ಸುತ್ತಿನ ಫೋಟೋ ತೆಗೆದೆ. ಮೂರು ದಿನದ ಫೋಟೋ ಒಟ್ಟಿಗೆ ನೋಡಿದಾಗ ನಗು ಬಂತು: 4ನೇ ನಂಬರ್ ಯಾವ ಸರದಿಯಲ್ಲಿ ಬಿಟ್ಟರೂ ಎಡಕ್ಕೇ. ಅದರ ಒಂದು ಗರಿಯ ಅಂಚು ಎದ್ದಿತ್ತು. ಇಷ್ಟು ದಿನ ಬಾಣ ಮಾಡಿದ ತಪ್ಪಿಗೆ ನಾನು ಬೈಸಿಕೊಂಡಿದ್ದೆ, ಅದೂ ನನ್ನಿಂದಲೇ. 2ನೇ ನಂಬರ್ ಇನ್ನೂ ಗಂಭೀರ. ಕಾರ್ಬನ್ ಬಾಣವನ್ನು ಬಿಡುವ ಮೊದಲು ಎರಡೂ ತುದಿ ಹಿಡಿದು ಸ್ವಲ್ಪ ಬಗ್ಗಿಸಿ ಕಿವಿಗೊಡಬೇಕು. ಇದು ಚರಚರ ಅಂತು. ಒಳಗೆ ಬಿರುಕು. ಅಂಥ ಬಾಣ ಹೆದೆ ಬಿಟ್ಟ ಕ್ಷಣದಲ್ಲೇ ಸೀಳಿ ಮುಂಗೈಗೆ ನುಗ್ಗಬಹುದು. ಅಲ್ಲೇ ಮುರಿದು ಕಸಕ್ಕೆ ಹಾಕಿದೆ. ನೀವು ಕಾರ್ಬನ್ ಬಾಣ ಬಳಸೋರಾದರೆ ಇದೊಂದನ್ನು ಮಾತ್ರ ಸೋಮಾರಿತನಕ್ಕೆ ಬಿಡಬೇಡಿ.

ಉಳಿದ ನಾಲ್ಕು ಬಾಣ ಒಳ್ಳೆಯವು. ಆದರೂ ಸಂಜೆಯ ಹೊತ್ತಿಗೆ ಚದುರುತ್ತಿದ್ದವು. ಇನ್ನು ಉಳಿದವನು ನಾನೇ.

ಅಜ್ಜ ನನ್ನ ಫೋನಲ್ಲೇ ವಿಡಿಯೋ ತೆಗೆದು ತೋರಿಸಿದರು. ಬಿಲ್ಲಿನ ಹಿಡಿಯನ್ನು ಬಿಎಂಟಿಸಿ ಬಸ್ಸಿನ ಕಂಬಿ ಹಿಡಿದ ಹಾಗೆ ಮುಷ್ಟಿ ಕಟ್ಟಿ ಹಿಡಿದಿದ್ದೆ. ಹೀಗೆ ಹಿಡಿದರೆ ಬಿಡುವ ಗಳಿಗೆಯಲ್ಲಿ ಬಿಲ್ಲು ಮಣಿಕಟ್ಟಿನ ಜೊತೆ ತಿರುಗುತ್ತೆ, ಅದೂ ಒಂದೊಂದು ಸಲ ಒಂದೊಂದಷ್ಟು. ಹಿಡಿ ಕೂರಬೇಕಾದ್ದು ಹೆಬ್ಬೆರಳಿನ ಬುಡದ ದಿಂಡಿನ ಮೇಲೆ, ಬೆರಳು ಸಡಿಲ. ಜೊತೆಗೆ, ಬಾಣ ಎಲ್ಲಿ ಹೋಯ್ತು ಅಂತ ನೋಡೋ ಆತುರಕ್ಕೆ ಬಿಟ್ಟ ತಕ್ಷಣ ತಲೆ ಎತ್ತಿ, ಬಿಲ್ಲಿನ ಕೈ ಇಳಿಸುತ್ತಿದ್ದೆ. ರಿಲೀಸ್‌ನ ಟ್ರಿಗರನ್ನು ಮೆಲ್ಲಗೆ ಒತ್ತುವ ಬದಲು ಮೌಸ್ ಕ್ಲಿಕ್ ಮಾಡಿದ ಹಾಗೆ ಪಟ್ಟನೆ ಒತ್ತುತ್ತಿದ್ದೆ. ಹತ್ತು ವರ್ಷದ ಅಭ್ಯಾಸ, ಏನ್ ಮಾಡೋದು!

ಮದ್ದು ಬೋರ್ ಹೊಡೆಸುವಂಥದ್ದು. ಎರಡು ವಾರ ಬ್ಲಾಕಿನಿಂದ ಐದು ಹೆಜ್ಜೆ ದೂರ ನಿಂತು, ಗುರಿಯೇ ಇಲ್ಲದೆ, ಕೈ ಮತ್ತು ಟ್ರಿಗರ್ ಮೇಲಷ್ಟೇ ಗಮನವಿಟ್ಟು ಹೊಡೆದೆ. ದಿನಕ್ಕೆ 25 ಬಾಣ, ಅಷ್ಟೇ. ಭುಜ ಸೋತ ಮೇಲೆ ಹೊಡೆದರೆ ಕಲಿಯೋದು ಸೋತ ಭುಜದ ಚಾಳಿಯನ್ನೇ.

ಸೆಪ್ಟೆಂಬರ್ ನಡುವೆ ನಾಲ್ಕೂ ಬಾಣ ಮತ್ತೆ ಸಾಸರಿಗೆ ಬಂದವು. ಕುಣಿದಾಡಿದೆ. ಅಜ್ಜ ಕುಣಿಯಲಿಲ್ಲ. “ಕಾಡಲ್ಲಿ ನಿನಗೆ ಸಿಗೋದು ಮೊದಲನೇ ಬಾಣ. ಹತ್ತನೆಯದಲ್ಲ” ಅಂದರು.

ಅಂದಿನಿಂದ ದಿನಾ ಬೆಳಿಗ್ಗೆ, ಸ್ಟ್ಯಾಂಡಪ್ ಮೀಟಿಂಗ್‌ಗೆ ಮುಂಚೆ, ಮೈ ಬೆಚ್ಚಗಾಗುವ ಮೊದಲೇ ಒಂದೇ ಒಂದು ಬಾಣ. ಶಿಕಾರಿಗೆ ಹಾಕುವ ದಪ್ಪ ಜಾಕೆಟ್ ತೊಟ್ಟು. ಎಕ್ಸೆಲ್‌ನಲ್ಲಿ ಒಂದು ಸಾಲು: ಪ್ಲೇಟಿನ ಒಳಗೋ, ಹೊರಗೋ. 14 ದಿನದಲ್ಲಿ ನಾಲ್ಕು ಹೊರಗೆ. ಎರಡು ಸಲ ಜಾಕೆಟ್ಟಿನ ತೋಳು ಹೆದೆಗೆ ತಾಗಿತ್ತು. ಇನ್ನೆರಡಕ್ಕೆ ಕಾರಣ ಸಿಗಲಿಲ್ಲ. ಸಂಜೆಯ ಸಾಸರಿನ ಫೋಟೋ ಇನ್‌ಸ್ಟಾಗೆ ಹಾಕಿ ಲೈಕ್ ತಗೊಂಡವನು ನಾನೇ. ಎಕ್ಸೆಲ್ ಯಾರಿಗೂ ತೋರಿಸಿರಲಿಲ್ಲ.

ಅಕ್ಟೋಬರ್ 1ರ ನಸುಕಿನಲ್ಲಿ ಅಜ್ಜನ ಜೊತೆ ಹೋದೆ. ಬಿಲ್ಲು ಮನೆಯಲ್ಲೇ ಬಿಟ್ಟು, ಕಾಫಿ ಫ್ಲಾಸ್ಕ್ ಹಿಡಿದು. ಅವರು ಕಾರಣ ಕೇಳಲಿಲ್ಲ. ನಮ್ಮ ಮಲೆನಾಡಲ್ಲಿ ಹಿಂದೆ ಮರೆಯಲ್ಲಿ ಅವಿತು ಪ್ರಾಣಿಗೆ ಕಾಯೋದನ್ನು ಮರಸು ಕೂರೋದು ಅಂತಿದ್ದರು. ಹಾಗೆ ಒಂದು ಬಟ್ಟೆಯ ಗುಡಾರದೊಳಗೆ ಕೂತೆವು. ಎಂಟು ಗಂಟೆ ಹೊತ್ತಿಗೆ ಬಿಳಿಬಾಲದ ಹೆಣ್ಣು ಜಿಂಕೆಯೊಂದು ಓಕ್ ಮರದ ಕೆಳಗೆ ಬಂದು ಪಕ್ಕೆ ತಿರುಗಿಸಿ ನಿಂತಿತು. ರೇಂಜ್‌ಫೈಂಡರ್ 31 ಗಜ ತೋರಿಸಿತು. ಅಜ್ಜ ಬಿಲ್ಲು ಎತ್ತಲೇ ಇಲ್ಲ. ಜಿಂಕೆ ಓಕ್ ಕಾಯಿ ಮೇಯ್ದು, ಕಿವಿ ಅಲ್ಲಾಡಿಸಿ, ತನ್ನ ದಾರಿ ಹಿಡಿಯಿತು.

ವಾಪಸ್ ನಡೆಯುವಾಗ ಕೇಳಿದೆ. “ಮೊದಲು 40 ಹೊಡೀತಿದ್ದೆ. ಈ ವರ್ಷ ನನ್ನದು 25” ಅಂದರು, ಭುಜ ಮುಟ್ಟಿಕೊಂಡು.

ರಾತ್ರಿ ಅಮ್ಮನ ಫೋನ್. “ಏನಾಯ್ತೋ?”

“ಏನೂ ಹೊಡೀಲಿಲ್ಲಮ್ಮ. ಕಾಫಿ ಕುಡಿದು ಬಂದ್ವಿ.”

“ಒಳ್ಳೇದಾಯ್ತು ಬಿಡು. ಊಟ ಆಯ್ತಾ?”